ಬಾಣಂತಿಯ ಮನಸ್ಸಿಗೂ ಕಾಯಿಲೆ ಬರುತ್ತದೆ

ಚಳ್ಳಕೆರೆ ಸೀಮೆಯ ಹುಲ್ಲುಗಾವಲಿನಂಚಿಗೆ ಕುರಿ ಸಾಕುವವರ ಒಂದು ಹಟ್ಟಿ. ಅಲ್ಲಿ ಹೆತ್ತವಳನ್ನು ಒಳಗೆ ಸೇರಿಸುವುದಿಲ್ಲ. ಸೂತಕ ಕಳೆಯುವವರೆಗೆ ತಾಯಿ, ಮಗು ಬೇಲಿಯಾಚೆಯ ಗುಡಿಸಲಿನಲ್ಲೇ. ಕಾಟಮ್ಮನ ಸೊಸೆ ಶಿಲ್ಪ ಚೊಚ್ಚಲ ಹೆಣ್ಣುಮಗುವಿನ ಜೊತೆ ಅಲ್ಲಿದ್ದಳು. ಕಾಟಮ್ಮ ದೂರದಿಂದಲೇ ಮುದ್ದೆ ಇಟ್ಟು ಬರುತ್ತಿದ್ದಳು. ಇಟ್ಟ ಮುದ್ದೆ ಇಟ್ಟಲ್ಲೇ ಒಣಗುತ್ತಿತ್ತು. ಮಗು ಅತ್ತರೂ ಶಿಲ್ಪ ತಿರುಗಿ ನೋಡುತ್ತಿರಲಿಲ್ಲ.

"ಗಾಳಿ ಹಿಡಿದೈತೆ ನರ್ಸಮ್ಮ. ತಾಯಿತ ಕಟ್ಟಿಸ್ತೀವಿ," ಎಂದಳು ಕಾಟಮ್ಮ, ಮಗುವಿನ ತೂಕ ನೋಡಲು ಬಂದ ಜಯಕ್ಕನಿಗೆ.

"ಗಾಳಿ ಅಲ್ಲ ಕಾಟಮ್ಮ, ಕಾಯಿಲೆ. ಹೆರಿಗೆ ಆದ್ಮೇಲೆ ಕೆಲವರಿಗೆ ಮನಸು ಕುಸೀತೈತೆ. ನಮ್ಮ ದೇಶದಾಗೇ ಈಚೆಗೆ ಸಂಶೋಧನೆ ಮಾಡ್ಯಾರೆ. ತಾಯಿ ಹಿಂಗಾದ್ರೆ ಕೂಸೂ ಸರಿಯಾಗಿ ಬೆಳೆಯಲ್ಲ. ನಿಮ್ಮ ಮೊಮ್ಮಗಳ ತೂಕ ಇಳಿದೈತೆ. ಹಿಂಗೇ ಬಿಟ್ರೆ ಉಳಿಯೋದು ಕಷ್ಟ."

"ನಾನೂ ಅದೇ ಗುಡಿಸಲಾಗೆ ನಾಲ್ಕು ಹೆತ್ತೀನಿ. ನನಗೇನಾತು? ನಾಳೆ ಆಕಳಿಸಿದ್ರೂ ನೀವು ಸೂಜಿ ಚುಚ್ತೀರಿ."

ಜಯಕ್ಕ ನಕ್ಕಳು. "ಆಯ್ತು. ಚೊಚ್ಚಲ ಕುರಿ ಮರಿ ಹಾಕಿ, ಮರಿನ ಹತ್ರಕ್ಕೇ ಸೇರಿಸಲ್ಲ. ಆಗ ಏನ್ಮಾಡ್ತೀರಿ?"

"ಏನ್ಮಾಡ್ತೀವಿ, ಎರಡನ್ನೂ ಜೊತೆಗೆ ಕೂಡಿ ಹಾಕ್ತೀವಿ. ಕುರಿ ಹಿಡ್ಕೊಂಡು ಮರಿಗೆ ಕುಡಿಸ್ತೀವಿ. ಒಗ್ಗೋವರೆಗೂ ಪಕ್ಕದಾಗೇ ಕುಂದ್ರಬೇಕು."

"ಬೇಲಿಯಾಚೆ ಒಂಟಿ ಬಿಡಲ್ಲ?"

"ಬಿಟ್ರೆ ತೋಳದ ಪಾಲು..." ಕಾಟಮ್ಮ ಗುಡಿಸಲಿನ ಕಡೆ ನೋಡಿದಳು.

ಎದ್ದವಳು ಸೀದಾ ಗುಡಿಸಲೊಳಗೆ ಹೋಗಿ ಸೊಸೆಯ ತಲೆ ಮುಟ್ಟಿದಳು.

"ಏನೂ ಬೇಡ ಅನ್ನಿಸ್ತೈತೆ ಅತ್ತೆ. ಕೂಸಿನ ಮ್ಯಾಲೂ ಮನಸಿಲ್ಲ. ನಾನು ಕೆಟ್ಟೋಳಾ?"

"ಅಲ್ಲವ್ವ. ಏಳು, ಮನೆಗೆ ಹೋಗಾನ."

ಬೇಲಿಯ ಹತ್ತಿರ ಹಟ್ಟಿಯ ಹಿರಿಯ ಯರ್ರಪ್ಪ ಅಡ್ಡ ನಿಂತ. "ಸೂತಕ ಕಳೆದಿಲ್ಲ. ದೇವ್ರು ಮುನೀತಾನೆ."

"ಮುನಿದ್ರೆ ನನ್ನ ಮ್ಯಾಲೆ ಮುನೀಲಿ. ನೀವು ಆ ಗುಡಿಸಲಾಗೆ ನಾಕು ದಿನ ಒಬ್ರೇ ಇದ್ದು ಬಂದು ಆಮೇಲೆ ಮಾತಾಡ್ರಿ. ದಾರಿ ಬಿಡ್ರಿ."

ಯರ್ರಪ್ಪ ಗೊಣಗುತ್ತ ಸರಿದ.

ಶಿಲ್ಪಳ ಗಂಡ ಈರೇಶ ಮರುದಿನವೇ ಅವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದ. ಹಾಲುಣಿಸುವ ತಾಯಿಗೆ ಒಗ್ಗುವ ಮಾತ್ರೆ ಕೊಟ್ಟ ಡಾಕ್ಟರು, ಅವಳಿಗೆ ನಿದ್ದೆ ಬೇಕು, ಜೊತೆಗೆ ಮಾತಾಡುವವರು ಬೇಕು ಎಂದರು. ಕಾಯಿಲೆ ಒಂದೇ ಏಟಿಗೆ ವಾಸಿಯಾಗಲಿಲ್ಲ. ಕಾಟಮ್ಮ ಸೊಸೆಯ ಪಕ್ಕ ಬಿಟ್ಟು ಏಳಲಿಲ್ಲ. ಒಂದು ಮಧ್ಯಾಹ್ನ ಮಗು ಅತ್ತಿತು. ಕಾಟಮ್ಮ ಏಳುವಷ್ಟರಲ್ಲಿ ಶಿಲ್ಪ ಕೈ ಚಾಚಿದ್ದಳು. "ನೀವು ಕುಂದ್ರಿ ಅತ್ತೆ. ನಾನು ತಗಂತೀನಿ."

ಓದುವವರೇ, ಬಾಣಂತಿ ಊಟ, ನಿದ್ದೆ ಬಿಟ್ಟರೆ, ಮಗುವಿನತ್ತ ನೋಡದಿದ್ದರೆ, ಸಾಯುವ ಮಾತಾಡಿದರೆ ಬೈಯಬೇಡಿ. ಅವತ್ತೇ ನರ್ಸಿಗೆ ಹೇಳಿ, ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಹಟ್ಟಿಯಾಚೆ ಈಗಲೂ ಒಬ್ಬಳು ಒಂಟಿಯಾಗಿ ಕೂತಿದ್ದರೆ ಈ ಕಾಗದ ಇಲ್ಲಿಗೇ ಮಡಚಿಡಿ. ಎದ್ದು ಹೋಗಿ ಅವಳನ್ನು ಕರೆತನ್ನಿ.