ಕಾಂಜಿ ಪುಸ್ತಕದ ಉತ್ತರಗಳು

ಮಗಳ ಜಪಾನಿ ಕಾಂಜಿ ಅಕ್ಷರಗಳ ಅಭ್ಯಾಸ ಪುಸ್ತಕದ ಜೊತೆ ಬಂದಿದ್ದ ಉತ್ತರ ಪುಸ್ತಿಕೆಯನ್ನು ತಾನೇ ಹಳೇ ಪೇಪರಿನ ಜೊತೆ ಕಟ್ಟಿ ರದ್ದಿಗೆ ಹಾಕಿಬಿಟ್ಟಿದ್ದು ಯಾಮಿನಿಗೆ ಗೊತ್ತಾದದ್ದು ಬೇಸಿಗೆ ರಜೆಯ ಕೊನೆಯ ದಿನ. ಕೆಳಗೆ ಓಡಿದಳು. ಗಾಡಿ ಆಗಲೇ ಬಂದು ಹೋಗಿತ್ತು.

ಮಕ್ಕಳ ರಜೆಯ ಬರವಣಿಗೆಯನ್ನು ಮನೆಯವರೇ ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸಬೇಕು. ಜಪಾನಿನ ಎಡೋಗಾವಾಕ್ಕೆ ಬಂದ ಮೂರು ವರ್ಷದಿಂದಲೂ ಅದು ಗಂಡ ಕಿಶೋರನ ಕೆಲಸ. ಅವನೀಗ ಆಫೀಸಿನ ಕೆಲಸದ ಮೇಲೆ ಒಸಾಕಾದಲ್ಲಿದ್ದ. ಯಾಮಿನಿಗೋ, ಸುಲಭದ ಅಕ್ಷರಗಳನ್ನು ಕೂಡಿಸಿ ಓದುವಷ್ಟೇ ಬರುತ್ತಿತ್ತು.

ಫೋನ್ ಹಿಡಿದು ಹುಡುಕತೊಡಗಿದಳು. ಒಂದು ಕಡೆ ಉತ್ತರಗಳು ಶಿಕ್ಷಕರಿಗೆ ಮಾತ್ರ ಎಂದಿತ್ತು. ಇನ್ನೊಂದು ಕಡೆ ಸಿಕ್ಕ ಪಿಡಿಎಫ್ ಹೋದ ವರ್ಷದ್ದು. ಮೊದಲ ಪುಟವೇ ತಾಳೆಯಾಗಲಿಲ್ಲ. ಮತ್ತೊಂದು ಕಾರ್ಡ್ ನಂಬರು ಕೇಳಿತು. ಒಲೆಯ ಮೇಲೆ ಸಾರು ಉಕ್ಕಿತು. ಕೊನೆಗೆ ಧೈರ್ಯ ಮಾಡಿ ನಾಲ್ಕನೇ ಮಹಡಿಯ ಮೊರಿತಾ ಸಾನ್ ಮನೆಯ ಬೆಲ್ ಒತ್ತಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಇನ್ನೂ ತಿದ್ದದ ಪುಸ್ತಕ ತೋರಿಸಿದಳು. ಅವರ ಮಗನೂ ಅದೇ ಮೂರನೇ ತರಗತಿ. ಅವರು ನಗುತ್ತಾ ಪುಸ್ತಿಕೆ ತಂದುಕೊಟ್ಟರು. ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಜೆರಾಕ್ಸ್ ತೆಗೆದು, ಪುಸ್ತಿಕೆ ಹಿಂದಿರುಗಿಸಿ ಬಂದಳು.

ಮಗಳು ಪ್ರೇರಣಾ ಈಜು ತರಗತಿಯಿಂದ ಬರುವಷ್ಟರಲ್ಲಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ಮೂವತ್ತೆರಡು ಪುಟ ತಿದ್ದಿ ಮುಗಿಸಿದ್ದಳು.

ಪ್ರೇರಣಾ ಪುಸ್ತಕ ಬಿಚ್ಚಿದವಳೇ ಅಳುಮುಖ ಮಾಡಿದಳು. "ಅಮ್ಮಾ, ವೈ? ಎಲ್ಲಾ ತಪ್ಪಾ?"

"ಯಾರೇ ಹೇಳಿದ್ದು? ಇಂಟು ಹಾಕಿರೋದು ಒಂಬತ್ತೇ. ಮಿಕ್ಕಿದ್ದಕ್ಕೆಲ್ಲಾ ರೈಟ್ ಹಾಕಿದೀನಿ, ನೋಡು."

"ನೋ ಅಮ್ಮಾ! ಇಲ್ಲಿ ಈ ಮಾರ್ಕ್ ಅಂದ್ರೆ ರಾಂಗ್. ಸರಿ ಇದ್ರೆ ಸರ್ಕಲ್. ಅಪ್ಪ ಯಾವಾಗ್ಲೂ ಸರ್ಕಲ್ ಹಾಕ್ತಾರೆ."

ಗುರುತು ತಪ್ಪಿದ್ದಕ್ಕಿಂತ, ಮೂರು ವರ್ಷದಲ್ಲಿ ಒಂದು ಸಲವೂ ತಾನು ಮಗಳ ಪುಸ್ತಕ ಬಿಚ್ಚಿ ನೋಡಿರಲಿಲ್ಲ ಎಂಬುದು ಯಾಮಿನಿಯನ್ನು ಹೆಚ್ಚು ಚುಚ್ಚಿತು.

"ವೈಟ್‌ನರ್ ಹಚ್ಚಲಾ?"

"ಡೋಂಟ್, ಗಲೀಜಾಗತ್ತೆ. ಸೆನ್ಸೇಗೆ ಲೆಟರ್ ಬರಿ."

"ನಂಗೆಲ್ಲಿ ಬರತ್ತೆ, ಪುಟ್ಟಾ? ಟೀಚರ್‌ಗೆ ಏನಂತ ಬರೀಲಿ?"

"ಐ ವಿಲ್ ಸೇ. ಯೂ ರೈಟ್."

ಮಗಳು ಹೇಳಿದಂತೆ ತಾಯಿ ಬರೆದಳು: ನಮ್ಮ ದೇಶದಲ್ಲಿ ಈ ಗುರುತೆಂದರೆ ಸರಿ, ದಯವಿಟ್ಟು ಕ್ಷಮಿಸಿ. ಎರಡು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಪ್ರೇರಣಾ ಮೂರು ಕಡೆ ತಿದ್ದಿದಳು.

ಪುಸ್ತಕ ವಾಪಸು ಬಂದದ್ದು ನಾಲ್ಕು ದಿನ ಬಿಟ್ಟು. ಅಷ್ಟೂ ದಿನ ಯಾಮಿನಿ ಶಾಲೆ ಬಿಡುವ ಹೊತ್ತಿಗೆ ಬಾಲ್ಕನಿಗೂ ಬಾಗಿಲಿಗೂ ಓಡಾಡಿದ್ದಳು. ಚೀಟಿಯ ಕೆಳಗೆ ಸೆನ್ಸೇ ಅವಳಿಗೆ ಓದಲು ಬರುವ ಅಕ್ಷರಗಳಲ್ಲೇ ಬರೆದಿದ್ದರು. ಯಾಮಿನಿ ಬೆರಳಿಟ್ಟು ಓದಿದಳು: ನನಗೂ ಇದು ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಅರಿಗಾತೋ. ಒಂದು ತಪ್ಪು ಮಾತ್ರ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

"ಯಾವುದೇ ಅದು?"

"ಐ ಡೋಂಟ್ ನೋ. ಅಮ್ಮಾ, ಫಸ್ಟ್ ತಿಂಡಿ!"

"ಕೊಡ್ತೀನಿ ಇರು," ಎಂದ ಯಾಮಿನಿ ಬಾಗಿಲಲ್ಲೇ ನಿಂತು ಜೆರಾಕ್ಸ್ ಹಾಳೆಗಳ ಜೊತೆ ಮೊದಲ ಪುಟದಿಂದ ಹುಡುಕತೊಡಗಿದಳು.