ಕಡೆಯ ಹೆಸರು

ಅಪ್ಪನನ್ನು ಹೂಳುವ ಗುಂಡಿಯ ಅಂಚಿಗೆ ಹಾಸಿದ್ದ ಹಸಿರು ಕಾರ್ಪೆಟ್ಟನ್ನು ಮಂಜರಿ ಮಂಡಿಯೂರಿ ಎರಡೂ ಕೈಯಿಂದ ಎಳೆದಳು. ಕೆಳಗಿನ ಮಣ್ಣು ಫೆಬ್ರುವರಿಯ ಚಳಿಗೆ ಕಲ್ಲಾಗಿತ್ತು. ಹೆಣ ಹೂಳುವ ಗುತ್ತಿಗೆ ಹಿಡಿದ ಹ್ಯಾರಿಸನ್ನಿನ ಫ್ಯೂನರಲ್ ಹೋಮಿನವನು ಗಡಿಯಾರ ನೋಡಿಕೊಂಡ. ಮನೆಯವರು ಹೋದಮೇಲೆ ಪೆಟ್ಟಿಗೆ ಇಳಿಸುತ್ತೇವೆ, ಮಣ್ಣನ್ನು ಮಷೀನು ತಳ್ಳುತ್ತದೆ, ಇಲ್ಲಿ ಹಾಗೇ ಎಂದ.

"ಮಣ್ಣು ಕೊಡಲಾರ್ದ ಹೆಂಗ ಹೋಗೂದು? ನಮ್ಮಪ್ಪ ಏನ್ ಅನಾಥನ?"

ಅವಳ ಸಂಕಟ ಬರೀ ಮಣ್ಣಿನದಲ್ಲ. ಸತ್ತವರಿಗೆ ತಪ್ಪು ಮಾಡಿದವರು ಮಣ್ಣು ಹಾಕುವಾಗಲೇ ಕ್ಷಮೆ ಕೇಳಬೇಕು, ಆಮೇಲೆ ಕೇಳಿದರೆ ಗಾಳಿಗೆ ಹೇಳಿದ ಹಾಗೆ ಎಂದು ತಮ್ಮೂರು ಬೆಟಗೇರಿಯಲ್ಲಿ ಅವ್ವ ಹೇಳುತ್ತಿದ್ದಳು. ಅಂಥ ಮಾತೊಂದನ್ನು ಮಂಜರಿ ಹದಿಮೂರು ವರ್ಷದಿಂದ ನುಂಗಿಕೊಂಡಿದ್ದಳು.

ಅಡಿವೆಪ್ಪ ಕಾರಿನಿಂದ ಜ್ಯಾಕಿನ ಸಲಾಕೆ ತಂದ. ಊರಿನವನೆಂದು ಹಿಲ್ಸ್‌ಬರೋದಿಂದ ಮಣ್ಣಿಗೆ ಬಂದವನು ಅವನೊಬ್ಬನೇ.

"ಸರೀರಿ ಅಕ್ಕಾರ," ಎಂದು ಮಣ್ಣಿಗೆ ಸಲಾಕೆ ಹೆಟ್ಟಿದ.

*

ಮಂಜರಿಯ ಅಪ್ಪ, ಚರ್ಚಿನ ಸಭಾಪಾಲಕ ಸತ್ಯವ್ರತ ಅಯ್ಯನವರು, ಆ ಒಂದೇ ಕತೆಯನ್ನು ಎಷ್ಟು ಸಲ ಹೇಳಿದ್ದರೋ! ಬಂಗಾರದ ಬಾಯಿಯ ಬಿಷಪ್ ಯೊಹಾನ. ರಾಣಿಗೂ ಅಂಜದೆ ಖಂಡತುಂಡವಾಗಿ ಮಾತಾಡಿ ಗಡೀಪಾರಾದ ಸಂತ. ಬಿಸಿಲು ಮಳೆಯೆನ್ನದೆ ಸಿಪಾಯಿಗಳು ನಡೆಸಿ ನಡೆಸಿಯೇ ಅವನನ್ನು ಕೊಂದರು. "ಮೂವತ್ತು ವರ್ಷದ ಮ್ಯಾಲೆ ರಾಣೀ ಮಗ ಎಲುಬು ತರಿಸಿ, ಪೆಟಗಿಗೆ ಹಣಿ ಹಚ್ಚಿ, ತಪ್ಪಾತು ಅಂದ," ಎಂದು ಮುಗಿಸುತ್ತಿದ್ದರು.

ಅರವತ್ತೊಂದನೇ ಇಸವಿಯಲ್ಲಿ ಅವರ ಸರದಿ ಬಂತು. ಸಭೆಗೆ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ ಚಪ್ಪಲಿ ಹೊಲಿಯುವ ಕರಿಯಪ್ಪನಿಗೆ, ಅಂದರೆ ಇದೇ ಅಡಿವೆಪ್ಪನ ತಂದೆಗೆ, ಎಲ್ಲರ ಬಟ್ಟಲಿನಿಂದ ಎಲ್ಲರಿಗಿಂತ ಮೊದಲು ಕುಡಿಸಿದರು. ಇವರನ್ನು ತೆಗೆಯಿರಿ ಎಂದು ಸಭೆಯ ಹಿರಿಯರು ಅರ್ಜಿ ಬರೆದರು. ಜಾತಿ ಕೆಟ್ಟಿತೆಂದು ತನಗೆ ಗಂಡು ಸಿಗಲಿಕ್ಕಿಲ್ಲ ಎಂಬ ಹೆದರಿಕೆಗೆ ಹದಿನೆಂಟರ ಮಂಜರಿಯೂ ಗುಟ್ಟಾಗಿ ಸಹಿ ಹಾಕಿದಳು. ಗಂಡೂ ಸಿಗಲಿಲ್ಲ, ಆ ಮಾತು ಬೇರೆ. ನರ್ಸಾಗಿ ಈ ಪರದೇಶಕ್ಕೆ ಬಂದು ಅಪ್ಪನನ್ನು ಕರೆಸಿಕೊಂಡಳು. ಆ ಸಹಿಯ ಬಗ್ಗೆ ಅಪ್ಪ ಒಂದು ದಿನವೂ ಕೇಳಲಿಲ್ಲ. ಗೊತ್ತೇ ಆಗಿಲ್ಲವೆಂದು ಅವಳು ನಂಬಿದ್ದಳು.

*

ಸಲಾಕೆಗೆ ಮಣ್ಣಿನ ಒಂದು ಹೆಂಟೆ ಎದ್ದಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಮಂಜರಿ ಪೆಟ್ಟಿಗೆಗೆ ಹಣೆ ಹಚ್ಚಿದಳು.

"ಅಪ್ಪಾ, ಆ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ತಪ್ಪಾತು."

ಕರಿಯಪ್ಪನ ಮಗನೆದುರೇ ಅಂದುಬಿಟ್ಟಿದ್ದಳು. ಅಡಿವೆಪ್ಪ ಸಲಾಕೆ ಕೆಳಗಿಟ್ಟ.

"ಅಯ್ಯನೋರಿಗೆ ಗೊತ್ತಿತ್ರಿ ಅಕ್ಕಾರ. ಸಭೀ ಮುಂದ ಆ ಅರ್ಜೀನ ಅವರ ಕಡಿಂದನ ಓದಿಸಿದ್ರು. ನಮ್ಮಪ್ಪ ಬಾಗಲದಾಗ ನಿಂತಿದ್ದ. ಎಲ್ಲಾ ಹೆಸರು ಓದಿ, ಕಡೀ ಹೆಸರು ಬಂದಾಗ ಕಾಗದ ಮಡಚಿಬಿಟ್ರಂತ. ಇನ್ನೊಂದು ಐತಲ್ಲ ಅಂತ ಹಿರೇರು ಕೇಳಿದ್ರ, 'ಅದು ನಮ್ಮ ಮನೀದು, ಇರಲಿ' ಅಂದ್ರಂತ."

ಫ್ಯೂನರಲ್ ಹೋಮಿನವನು ಮನಸ್ಸು ಕರಗಿ, ಗುಂಡಿಯ ಮೇಲೆ ಪೆಟ್ಟಿಗೆ ಹಿಡಿದಿದ್ದ ಪಟ್ಟಿ ಸಡಿಲಿಸಿದ. ಪೆಟ್ಟಿಗೆ ಕೆಳಗಿಳಿಯತೊಡಗಿತು. ಮಂಜರಿ ಗುಂಡಿಯ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದಳು. ಹೆಪ್ಪುಗಟ್ಟಿದ ಹೆಂಟೆ ಅಂಗೈಗೆ ಅಂಟಿಕೊಂಡು ಬೀಳಲೊಲ್ಲದಾಯಿತು.