ಮೊದಲ ಬೇಲು

ಮೊದಲ ಬೇಲು, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೊದಲ ಮೂಟೆ, ಬೇರೆ ಇಡಬೇಕು. ಹತ್ತಿಯಿಂದ ಬೀಜ ಬಿಡಿಸುವ ಆ ಮಿಲ್ಲಿನ ಕಟ್ಟಳೆ ಅದು. ಔಷಧಿ ಹೊಡೆದು ಬೆಳೆದ ಮಾಮೂಲಿ ಹತ್ತಿ ಓಡಿಸಿದ ಯಂತ್ರವನ್ನು ಎಷ್ಟೇ ಗುಡಿಸಿ, ಗಾಳಿ ಊದಿ ಚೊಕ್ಕ ಮಾಡಿದರೂ ಸಂದಿಯಲ್ಲಿ ಹಳೇ ಎಳೆ ಉಳಿದೇ ಉಳಿಯುತ್ತದೆ. ಆಮೇಲೆ ಸಾವಯವ ಹತ್ತಿ ಹಾಕಿದರೆ ಮೊದಲ ಬೇಲು ಆ ಕೊಳೆಯನ್ನೆಲ್ಲ ಎಳೆದುಕೊಂಡು ಬರುತ್ತದೆ. ಅದು ಮಾಮೂಲಿ ಹತ್ತಿಯ ಜೊತೆಗೇ ಹೋಗಬೇಕು. ಯಂತ್ರ ನಡೆಸುವ ದೊಡ್ಡಕ್ಕ ಅದಕ್ಕೆ ಕೈಹಾಕಿದಂದಿನಿಂದ ಹಾಗೇ ನಡೆದಿತ್ತು.

ಇವತ್ತು ನೋಡಿದರೆ ಆ ಬೇಲು ಸಾವಯವ ಹತ್ತಿ ಹೊತ್ತ ಲಾರಿಯ ಪಕ್ಕ ಜಂಬವಾಗಿ ಕೂತಿದೆ! ತರಿಸಿಟ್ಟವನು ಮಿಲ್ಲಿನ ಯಜಮಾನ, ಅವಳ ಸ್ವಂತ ತಮ್ಮ.

"ಒಂದೇ ಒಂದು ಬೇಲು ಕಣಕ್ಕಾ. ಲಾರಿ ತುಂಬದಿದ್ರೆ ನೂಲಿನ ಗಿರಣಿಯವರು ಇನ್ನು ನಮ್ಮ ಕಡೆ ತಲೆ ಹಾಕಿಯೂ ಮಲಗಲ್ಲ."

"ಪರೀಕ್ಷೆ ಮಾಡಿದಾಗ ಔಷಧಿ ಸಿಕ್ಕಿದ್ರೆ?"

"ಅಷ್ಟು ರಾಶೀಲಿ ಯಾರು ಹುಡುಕ್ತಾರೆ?"

ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಈ ಹತ್ತಿ ಬೆಳೆದವರು ಅವಳ ನಾದಿನಿ, ನಾದಿನಿಯ ಅಕ್ಕಪಕ್ಕದ ಹೊಲದವರು. ಹನಿ ಔಷಧಿ ಸೋಕಿಸದೆ, ಎಲೆ ಎಲೆ ತಿರುವಿ ಹುಳ ಆರಿಸಿದವರು. ನೆಲದಲ್ಲಿದ್ದ ಹಳೇ ವಿಷ ಇಳಿಯಲಿ ಅಂತ ಇಳುವರಿ ಕಳೆದುಕೊಂಡು, ಕಂಡವರ ಮುಂದೆ ನಗೆಪಾಟಲಾಗಿ, ವರ್ಷಗಟ್ಟಲೆ ಕಾದು 'ಸಾವಯವ' ಅನ್ನಿಸಿಕೊಂಡವರು. ಒಂದು ಬೇಲಿನಲ್ಲಿ ವಿಷ ಸಿಕ್ಕರೂ ಅಷ್ಟೂ ಜನರ ಹೆಸರು ಹೋಗುತ್ತದೆ. ಮತ್ತೆ ಮೊದಲಿನಿಂದ ಕಾಯಬೇಕು.

"ಅದನ್ನ ವಾಪಸ್ ಒಳಗಿಡಿಸು."

"ಆಗಲ್ಲ. ಇಲ್ಲಿ ಯಜಮಾನ ನಾನು."

"ಅಯ್ಯೋ ನನ್ನಪ್ಪಾ! ನಿನ್ನ ಮೂಗು ಒರೆಸಿದ ಕೈ ಇದು. ನನ್ನ ಮುಂದೆ ಯಜಮಾನಿಕೆ ತೋರಿಸ್ಬೇಡ."

ಹಮಾಲರು ಕಿಸಕ್ಕನೆ ನಕ್ಕರು. ತಮ್ಮನ ಮುಖ ಕೆಂಪಾಯಿತು. "ಏನ್ರೋ ಹಲ್ಲು ಕಿರೀತೀರಾ? ಎತ್ರೋ ಅದನ್ನ!" ಅಂದ.

ಅವರು ಅದಕ್ಕೆ ಕೈಹಚ್ಚುವ ಮೊದಲೇ ದೊಡ್ಡಕ್ಕ ಯಂತ್ರದಿಂದ ಬಸಿದಿಟ್ಟಿದ್ದ ಕರೀ ಎಣ್ಣೆಯ ಡಬ್ಬ ಎತ್ತಿ ಬೇಲಿನ ಮೇಲೆ ಗಳಗಳ ಸುರಿದಳು. ಬಿಳೀ ಹತ್ತಿ ಎಣ್ಣೆ ಕುಡಿದು ಕಪ್ಪಾಯಿತು.

"ಈಗ ಎತ್ತಿಸು, ನೋಡೋಣ."

"ಹುಚ್ಚು ಹಿಡಿದಿದೆಯಾ ನಿಂಗೆ? ಇನ್ನು ಇದನ್ನ ಮಾಮೂಲಿ ಅಂತಾನೂ ಯಾರೂ ಮುಟ್ಟಲ್ಲ! ನಾಳೆಯಿಂದ ಮಿಲ್ಲಿನೊಳಗೆ ಕಾಲಿಡಬೇಡ ನೀನು!"

ಅವಳು ಮದುವೆಗೆ ಮುಂಚಿನಿಂದ ಈ ಯಂತ್ರದ ಸದ್ದಿನಲ್ಲೇ ಬದುಕಿದವಳು. ಅಳು ಒತ್ತಿಕೊಂಡು ಬಂತು. ಅಳಲಿಲ್ಲ. ಇವನೆದುರು ಅಳೋದಾ?

"ನಾನು ಬರಲ್ಲ ಬಿಡೋ. ಆದ್ರೆ ಅದೂ ಹೋಗಲ್ಲ," ಅಂದು, ಲಾರಿಯ ಹಿಂಬಾಗಿಲನ್ನು ತಾನೇ ಎತ್ತಿ ಚಿಲಕ ಜಡಿದು, "ಹೊರಡಪ್ಪಾ ನೀನು," ಎಂದು ಡ್ರೈವರನಿಗೆ ಕೂಗಿದಳು.